ಸುಳ್ಳಾಡಿದ ಮಾಪಕಗಳು

ಮಾನವನ ಇಂದ್ರಿಯಗಳಿಗೆ ಮಿತಿಯುಂಟು. ಕಾದ ತೈಲ ತುಂಬಿದ ಉಕ್ಕಿನ ಗೋಪುರದೊಳಕ್ಕೆ ಯಾರೂ ಇಣಿಕಿ ನೋಡಲಾರರು. ಆದುದರಿಂದಲೇ ದೊಡ್ಡ ಕಾರ್ಖಾನೆಗಳಲ್ಲಿ ಉಷ್ಣತೆ, ಒತ್ತಡ, ದ್ರವದ ಮಟ್ಟ ಮೊದಲಾದವನ್ನು ತಿಳಿಸಲು ಮಾಪಕಗಳನ್ನು ಅಳವಡಿಸಿರುತ್ತಾರೆ. ನಿಯಂತ್ರಣ ಕೊಠಡಿಯಲ್ಲಿ ಕುಳಿತ ಕೆಲಸಗಾರನಿಗೆ ಅವೇ ಕಣ್ಣು, ಅವೇ ಕಿವಿ. ಆ ಕಣ್ಣೇ ಮೋಸ ಮಾಡಿದರೆ ಏನಾದೀತು? ಅಮೆರಿಕದಲ್ಲಿ ನಡೆದ ಎರಡು ಅಪಘಾತಗಳು ಇದಕ್ಕೆ ಉತ್ತರ ನೀಡುತ್ತವೆ.

1979ರ ಮಾರ್ಚ್ 28ರ ನಸುಕಿನಲ್ಲಿ ಪೆನ್ಸಿಲ್ವೇನಿಯಾ ರಾಜ್ಯದ ತ್ರೀ ಮೈಲ್ ಐಲೆಂಡ್ ಪರಮಾಣು ವಿದ್ಯುತ್ ಸ್ಥಾವರದಲ್ಲಿ, ಏರಿದ ಒತ್ತಡವನ್ನು ತಗ್ಗಿಸಲು ಕವಾಟವೊಂದು ತೆರೆದುಕೊಂಡಿತು. ಒತ್ತಡ ಇಳಿದೊಡನೆ ಅದು ಮುಚ್ಚಬೇಕಾಗಿದ್ದಿತು; ಮುಚ್ಚಲಿಲ್ಲ. ಆದರೆ ಫಲಕದ ಮೇಲಿನ ದೀಪ ಮಾತ್ರ ಆರಿತು. ಆ ದೀಪವು ಸೂಚಿಸುತ್ತಿದ್ದುದು ಕವಾಟಕ್ಕೆ ಹೋದ ಆಜ್ಞೆಯನ್ನೇ ಹೊರತು ಕವಾಟದ ನಿಜಸ್ಥಿತಿಯನ್ನಲ್ಲ. ಕೆಲಸಗಾರರು ಕವಾಟ ಮುಚ್ಚಿತೆಂದೇ ನಂಬಿದರು. ಎರಡು ಗಂಟೆಗೂ ಹೆಚ್ಚು ಕಾಲ, ತಂಪುಗೊಳಿಸಬೇಕಾದ ನೀರು ಹೊರಹೋಗುತ್ತಲೇ ಇದ್ದಿತು. ರಿಯಾಕ್ಟರಿನ ಇಂಧನಭಾಗದಲ್ಲಿ ಸುಮಾರು ಅರ್ಧದಷ್ಟು ಕರಗಿಹೋಯಿತು. ಪುಣ್ಯವಶಾತ್ ಅಂದು ಯಾರೂ ಮಡಿಯಲಿಲ್ಲ.

2005ರ ಮಾರ್ಚ್ 23ರಂದು ಟೆಕ್ಸಾಸ್ ಸಿಟಿಯ ತೈಲ ಶುದ್ಧೀಕರಣಾಗಾರದಲ್ಲಿ ನಡೆದುದು ಇನ್ನೂ ಘೋರವಾದುದು. ನಿಲ್ಲಿಸಿದ್ದ 170 ಅಡಿ ಎತ್ತರದ ಗೋಪುರವೊಂದನ್ನು ಅಂದು ಮತ್ತೆ ಚಾಲನೆಗೊಳಿಸುತ್ತಿದ್ದರು. ಅದರ ಮಟ್ಟಮಾಪಕವು ತಳದ ಕೆಲವೇ ಅಡಿಗಳನ್ನು ಅಳೆಯಬಲ್ಲುದಾಗಿದ್ದಿತು. ಅದನ್ನು ಹೊಂದಿಸಿದ್ದುದೂ ಬೇರೆ ಸಾಂದ್ರತೆಯ ದ್ರವಕ್ಕೆ. ದ್ರವವು 150 ಅಡಿಯನ್ನು ಮೀರಿ ಏರಿದಾಗಲೂ, ಮಟ್ಟ ಎಂಟು ಅಡಿಗಿಂತ ಕಡಿಮೆಯೆಂದೂ ಇಳಿಯುತ್ತಲಿದೆಯೆಂದೂ ಅದು ತೋರಿಸುತ್ತಿದ್ದಿತು. ಎಚ್ಚರಿಸಬೇಕಾದ ಇನ್ನೊಂದು ಸಾಧನ ಮೊಳಗಲೇ ಇಲ್ಲ. ಮಟ್ಟವನ್ನು ಕಣ್ಣಾರೆ ಕಾಣಲೆಂದು ಇರಿಸಿದ್ದ ಗಾಜು ಕೊಳೆಯಿಂದ ಮುಸುಕಿದ್ದಿತು. ಕೊನೆಗೆ ಉಕ್ಕಿ ಹೊರಚಿಮ್ಮಿದ ದ್ರವ ಆವಿಯಾಗಿ ಹಬ್ಬಿ ಸ್ಫೋಟಿಸಿತು. ಆ ಗೋಪುರದ ಕೆಲಸಕ್ಕೆ ಸಂಬಂಧವೇ ಇಲ್ಲದೆ, ಸಮೀಪದ ತಾತ್ಕಾಲಿಕ ಕಚೇರಿಗಳಲ್ಲಿಯೂ ಅವುಗಳ ಬಳಿಯಲ್ಲಿಯೂ ಇದ್ದ 15 ಮಂದಿ ಗುತ್ತಿಗೆ ಕೆಲಸಗಾರರು ಮಡಿದರು. 180 ಮಂದಿ ಗಾಯಗೊಂಡರು.

ಇದನ್ನು ತಪ್ಪಿಸಬಹುದಾಗಿದ್ದಿತೆ? ಸುಮಾರು ಮೂರು ಗಂಟೆಗಳ ಕಾಲ ಗೋಪುರದೊಳಕ್ಕೆ ದ್ರವ ಹರಿಯುತ್ತಿದ್ದಿತು, ಹೊರಕ್ಕೆ ಹೋಗುತ್ತಿರಲಿಲ್ಲ. ಒಳಬಂದುದು ಹೊರಹೋಗದಿದ್ದರೆ ಮಟ್ಟ ಏರಲೇಬೇಕು. ನಲ್ಲಿಯ ಕೆಳಗೆ ಕೊಡವನ್ನಿಟ್ಟವರೆಲ್ಲ ಬಲ್ಲ ಲೆಕ್ಕವಿದು. ಆದರೆ ಕೆಲಸಗಾರರು 29 ಅಥವಾ ಅದಕ್ಕೂ ಹೆಚ್ಚು ದಿನಗಳಿಂದ ಬಿಡುವಿಲ್ಲದೆ ಹನ್ನೆರಡು ಗಂಟೆಗಳ ಪಾಳಿಯಲ್ಲಿ ದುಡಿದು ದಣಿದಿದ್ದರು. ಮಾಪಕ ಸರಿಯಿಲ್ಲವೆಂಬ ದೂರು ಮೊದಲೇ ಬಂದಿದ್ದರೂ ದುರಸ್ತಿ ಮಾಡದೆಯೇ ಕೆಲಸವನ್ನು ಆರಂಭಿಸಲಾಗಿದ್ದಿತು. ದೋಷವು ಯಂತ್ರದಲ್ಲಿ ಕಾಣಿಸಿಕೊಂಡರೂ ಅದರ ಬೇರು ಮನುಷ್ಯನ ಅಲಕ್ಷ್ಯದಲ್ಲಿದ್ದಿತು.

ಸಂಪೂರ್ಣವಾಗಿ ಕೆಟ್ಟುನಿಂತ ಮಾಪಕ ಅಷ್ಟೇನೂ ಅಪಾಯಕಾರಿಯಲ್ಲ. ಅದನ್ನು ಯಾರೂ ನಂಬುವುದಿಲ್ಲ. ಎಲ್ಲವೂ ಸರಿಯಾಗಿದೆಯೆಂದು ತೋರಿಸುತ್ತ ತಪ್ಪು ಹೇಳುವ ಮಾಪಕವೇ ಹೆಚ್ಚು ಅಪಾಯಕಾರಿ. ಆದುದರಿಂದ ಮುಖ್ಯವಾದ ಕಡೆಗಳಲ್ಲಿ ಒಂದನ್ನೊಂದು ಅವಲಂಬಿಸದ ಎರಡು ಮಾಪಕಗಳಿರಬೇಕು. ಅವನ್ನು ಗೊತ್ತಾದ ಕಾಲಕ್ಕೆ ಪರೀಕ್ಷಿಸಬೇಕು. ದೋಷ ಕಂಡುಬಂದರೆ, ಅದು ಸರಿಹೋಗುವವರೆಗೆ ಯಂತ್ರವನ್ನು ನಡೆಸಬಾರದು. ಅಳೆಯುವ ಸಾಧನವನ್ನೂ ಅಳೆದು ನೋಡುವುದೇ ನಿಜವಾದ ವೈಜ್ಞಾನಿಕ ದೃಷ್ಟಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ ಮಾತು ಇಂದಿನ ಕಾರ್ಖಾನೆಗಳಿಗೂ ಸಲ್ಲುತ್ತದೆ.