ನಿಮಗಿದು ಗೊತ್ತೆ? ಹೊಗೆಸೊಪ್ಪು ಮುರಿಯುವ ಕೈಗಳು
ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ಹೊಗೆಸೊಪ್ಪು ಹೊರದೇಶಗಳಿಗೂ ಹೋಗುತ್ತದೆ. ಕೊಳ್ಳುವವರು ಎಲೆಯ ಬಣ್ಣವನ್ನಷ್ಟೇ ನೋಡುವ ಕಾಲ ಮುಗಿಯಿತು; ಅದರ ಹಿಂದೆ ಯಾರ ದುಡಿಮೆ ಇದೆ, ಎಂಥ ದುಡಿಮೆ ಎಂಬುದೂ ಈಗ ಲೆಕ್ಕಕ್ಕೆ ಬರುತ್ತದೆ. ಬಲವಂತದ ದುಡಿಮೆಯ ಶಂಕೆಯ ಮೇಲೆ ಅಮೆರಿಕ 2019ರಲ್ಲಿ ಆಫ್ರಿಕಾದ ಮಲಾವಿಯ ಹೊಗೆಸೊಪ್ಪನ್ನು ಬಂದರಿನಲ್ಲೇ ತಡೆಯಲು ಆದೇಶಿಸಿತು. ಬಾಲಕಾರ್ಮಿಕ ಪದ್ಧತಿಯ ವಿರುದ್ಧದ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ (ಐಎಲ್‌ಒ) 138 ಮತ್ತು 182ನೇ ಒಡಂಬಡಿಕೆಗಳನ್ನು ಭಾರತ 2017ರಲ್ಲಿ ಒಪ್ಪಿತು. 2025ರ ಜುಲೈನಲ್ಲಿ ಬ್ರಿಟನ್ ಜೊತೆ ಸಹಿಯಾದ ವ್ಯಾಪಾರ ಒಪ್ಪಂದದಲ್ಲಿ ಕಾರ್ಮಿಕರ ಹಕ್ಕಿಗೆಂದೇ ಒಂದು ಅಧ್ಯಾಯವಿದೆ.

ಹೊಲದಲ್ಲಿ ಈ ಕಟ್ಟಳೆಗಳ ಅರ್ಥ ಸರಳ: ದುಡಿಯುವವರನ್ನು ಕಾಪಾಡಬೇಕು, ಮಕ್ಕಳನ್ನು ಈ ಕೆಲಸದಿಂದ ದೂರವಿಡಬೇಕು. ಮಳೆಗೆ ತೊಯ್ದ ಹಸಿ ಎಲೆ ಮುರಿದು, ಅದನ್ನು ಹದಗೊಳಿಸುವ ಬ್ಯಾರನ್‌ಗೆ ಹೊರುವಾಗ ನಿಕೋಟಿನ್ ಚರ್ಮದ ಮೂಲಕವೇ ಮೈಗಿಳಿಯುತ್ತದೆ. ತಲೆಸುತ್ತು, ವಾಂತಿ ಶುರುವಾಗುತ್ತದೆ. ಮಕ್ಕಳಿಗೆ ಅಪಾಯ ಇನ್ನೂ ಹೆಚ್ಚು. ಕೂಲಿಯವರಿಗೆ ಕೈಗವಸು, ತುಂಬುತೋಳಿನ ಅಂಗಿ ಕೊಡಲೇಬೇಕು. ಎಲೆಯ ತೇವ ಆರಿದ ಮೇಲೆ ಮುರಿದರೂ ಈ ತೊಂದರೆ ಬಹಳಷ್ಟು ತಗ್ಗುತ್ತದೆ.