ಶಾಲು ಹಾರದ ಜತೆ ಹೊಣೆಯನ್ನೂ ಕೊಟ್ಟ ಊರು

ಚೆನ್ನೈ: ನವೆಂಬರ್ ಬಂತೆಂದರೆ ಹೊರನಾಡಿನ ಕನ್ನಡ ಸಂಘಗಳಲ್ಲಿ ರಾಜ್ಯೋತ್ಸವದ ಸಡಗರ. ವಿವಿಧ ಕ್ಷೇತ್ರಗಳ ಸಾಧಕರಿಗೆ ಶಾಲು, ಹಾರ, ಫಲತಾಂಬೂಲ, ಸ್ಮರಣಿಕೆ ನೀಡಿ ಗೌರವಿಸುವುದು ಅದರ ಮುಖ್ಯ ಭಾಗ. ಆದರೆ ಸಮಾರಂಭ ಮುಗಿಸಿ ಮನೆಗೆ ಹೊರಟ ಸಭಿಕರನ್ನು ‘ಸನ್ಮಾನಿತರು ಮಾಡಿದ ಕೆಲಸವೇನು?’ ಎಂದು ಕೇಳಿದರೆ ಉತ್ತರ ಹೇಳುವವರು ಕಡಿಮೆ. ಸನ್ಮಾನ ಹೇಗಿರಬೇಕು ಎಂಬುದಕ್ಕೆ ಚೆನ್ನೈಯಲ್ಲೇ, ಕನ್ನಡಿಗರ ಹೆಸರುಗಳೊಡನೆಯೇ, ಒಂದು ಮಾದರಿಯಿದೆ.

1928ರಲ್ಲಿ ಸ್ಥಾಪನೆಯಾದ ಮದ್ರಾಸ್ ಮ್ಯೂಸಿಕ್ ಅಕಾಡೆಮಿಯ ‘ಸಂಗೀತ ಕಲಾನಿಧಿ’ ಬಿರುದು ಕರ್ನಾಟಕ ಸಂಗೀತದ ಬಹುದೊಡ್ಡ ಗೌರವ. ಇದನ್ನು ಪಡೆಯುವವರು ವೇದಿಕೆಯಲ್ಲಿ ಕೈಮುಗಿದು ಕುಳಿತರೆ ಸಾಲದು. ಅಕಾಡೆಮಿಯ ಆ ವರ್ಷದ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಬೆಳಗಿನ ವಿದ್ವತ್ ಗೋಷ್ಠಿಗಳನ್ನು ಅವರೇ ನಡೆಸಿಕೊಡಬೇಕು. 1942ರಲ್ಲಿ ಬಿರುದು ಆರಂಭವಾದಾಗ, ಹಿಂದೆ ಅಧ್ಯಕ್ಷತೆ ವಹಿಸಿದ್ದವರಿಗೂ ಅದು ಸಂದಿತು.

ಹಾಗೆ ಸಂದವರಲ್ಲಿ 1935ರ ಸಮ್ಮೇಳನದ ಅಧ್ಯಕ್ಷರಾಗಿದ್ದ ಮೈಸೂರು ವಾಸುದೇವಾಚಾರ್ಯರೂ ಒಬ್ಬರು. ಎಂಬತ್ತು ದಾಟಿದ ಮೇಲೆ ರುಕ್ಮಿಣೀದೇವಿ ಅರುಂಡೇಲ್ ಅವರ ಕರೆಗೆ ಓಗೊಟ್ಟು ಕಲಾಕ್ಷೇತ್ರಕ್ಕೆ ಬಂದ ಅವರು, ರಾಮಾಯಣ ನೃತ್ಯನಾಟಕಗಳಿಗೆ ಸಂಗೀತ ಸಂಯೋಜಿಸಿದರು. ತಮ್ಮ ಕಾಲದ ಸಂಗೀತಗಾರರ ಬದುಕನ್ನು ‘ನಾ ಕಂಡ ಕಲಾವಿದರು’ ಎಂಬ ಕನ್ನಡ ಪುಸ್ತಕದಲ್ಲಿ ದಾಖಲಿಸಿದರು. ಗೌರವ ಪಡೆದವರೇ ಇತರರನ್ನು ಗೌರವಿಸಿದ ಬಗೆಯಿದು.

ತಿರುಮಕೂಡಲಿನ ಪಿಟೀಲು ವಿದ್ವಾಂಸ ಟಿ. ಚೌಡಯ್ಯನವರಿಗೆ ಈ ಬಿರುದು ಬಂದದ್ದು 1957ರಲ್ಲಿ. ಧ್ವನಿವರ್ಧಕ ಇಲ್ಲದ ಸಭೆಗಳಲ್ಲಿ ಹಿಂದಿನ ಸಾಲಿಗೂ ನಾದ ಕೇಳಲೆಂದು ಏಳು ತಂತಿಯ ಪಿಟೀಲು ನುಡಿಸಿದವರು ಅವರು. 1984ರಲ್ಲಿ ವೈಣಿಕ ವಿ. ದೊರೆಸ್ವಾಮಿ ಅಯ್ಯಂಗಾರ್, 1995ರಲ್ಲಿ ರುದ್ರಪಟ್ಟಣದ ಆರ್.ಕೆ. ಶ್ರೀಕಂಠನ್ ಈ ಸಾಲಿಗೆ ಸೇರಿದರು. ಇಬ್ಬರೂ ಬೆಂಗಳೂರು ಆಕಾಶವಾಣಿಯಲ್ಲಿ ನೌಕರಿ ಮಾಡುತ್ತಲೇ ಸಾಧನೆ ಮಾಡಿದವರು ಎಂಬುದು ನೌಕರವರ್ಗಕ್ಕೆ ಹೆಮ್ಮೆಯ ಸಂಗತಿ.

ಗೌರವ ತಡವಾದ ಉದಾಹರಣೆಯೂ ಉಂಟು. ಬೆಂಗಳೂರಿನ ಹಲಸೂರು ಕೆರೆಯ ಬಳಿ ಸುಮಾರು 18 ವರ್ಷ ಮುಸುಕು ಹೊದ್ದಿದ್ದ ತಿರುವಳ್ಳುವರ್ ಪ್ರತಿಮೆ 2009ರ ಆಗಸ್ಟ್ 9ರಂದು ಅನಾವರಣಗೊಂಡಿತು. ನಾಲ್ಕೇ ದಿನಗಳ ನಂತರ, ಆಗಸ್ಟ್ 13ರಂದು, ಚೆನ್ನೈಯ ಅಯನಾವರಂನಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣವಾಯಿತು. ಪ್ರತಿಮೆ ಎಷ್ಟು ವರ್ಷವಾದರೂ ಕಾಯಬಲ್ಲದು. ಎಂಬತ್ತು ತುಂಬಿದ ಸಾಧಕರು ಕಾಯಲಾರರು.

ಸಂಘಗಳ ಕಾರ್ಯಕಾರಿ ಸಮಿತಿಗಳು ಇಲ್ಲಿ ಯೋಚಿಸಬೇಕಾದದ್ದಿದೆ. ‘ಕಲಾತಪಸ್ವಿ’, ‘ಸೇವಾರತ್ನ’ ಎಂಬ ವಿಶೇಷಣಗಳಿಂದ ಬಿನ್ನವತ್ತಳೆ ತುಂಬುವ ಬದಲು, ಅವರು ಯಾವ ವರ್ಷ, ಎಲ್ಲಿ, ಯಾವ ಕೆಲಸ ಮಾಡಿದರು ಎಂದು ಹತ್ತು ಸಾಲು ಬರೆದು ಓದಿದರೆ ಮಕ್ಕಳಿಗೂ ಅರ್ಥವಾದೀತು. ಅದರ ಪ್ರತಿಯೊಂದು ಸಂಘದ ಗ್ರಂಥಾಲಯದಲ್ಲಿ ಉಳಿಯಲಿ. ವೇದಿಕೆ ಹತ್ತುವವರ ಪಟ್ಟಿಯಲ್ಲಿ ದಾನಿಗಳು, ಗಣ್ಯರ ಜತೆಗೆ ಭಾನುವಾರದ ಕನ್ನಡ ತರಗತಿಯ ಶಿಕ್ಷಕಿ, ಉಡುಪಿ ಹೋಟೆಲಿನ ಹಿರಿಯ ಅಡುಗೆಯವರು, ನಾಟಕದ ತೆರೆಮರೆಯ ಕೆಲಸಗಾರರೂ ಇರಲಿ.

ಸನ್ಮಾನಿತರಿಗೆ ಒಂದು ಗಂಟೆಯ ಹೊಣೆಯನ್ನೂ ಒಪ್ಪಿಸಬಹುದು. ಮುಂದಿನ ತಿಂಗಳ ಸಭೆಯಲ್ಲಿ ಸಂಗೀತಗಾರರು ಒಂದು ಪಾಠ ಹೇಳಲಿ, ಹೋಟೆಲ್ ಮಾಲೀಕರು ಉದ್ಯಮ ಕಟ್ಟಿದ ಬಗೆಯನ್ನು ಯುವಕರಿಗೆ ತಿಳಿಸಲಿ. ಹಾರ ಮರುದಿನಕ್ಕೆ ಬಾಡುತ್ತದೆ; ಕಲಿತ ಪಾಠ ಸದಸ್ಯರ ಮನೆಯಲ್ಲಿ ಉಳಿಯುತ್ತದೆ.