ಹಿತ್ತಿಲ ಕೊಳವೂ ಮನೆಯ ಮಕ್ಕಳೂ

ಹೂದೋಟದ ನಡುವೆ ಒಂದು ಪುಟ್ಟ ಕೊಳವಿದ್ದರೆ ಅದು ಮನೆಗೊಂದು ಶೋಭೆ. ನೈದಿಲೆಯ ಹೂ, ಬಣ್ಣದ ಮೀನು, ನೀರು ಕುಡಿಯಲು ಬರುವ ಹಕ್ಕಿ—ಇವುಗಳಿಂದ ಮನಸ್ಸಿಗೆ ಉಂಟಾಗುವ ಆನಂದವು ಸಾಮಾನ್ಯವಾದುದಲ್ಲ. ಆದರೆ ಹಿರಿಯರ ಕಣ್ಣನ್ನು ಸೆಳೆಯುವ ವಸ್ತುವು ಶಿಶುವಿನ ಕಾಲನ್ನೂ ಸೆಳೆಯುವುದೆಂಬುದನ್ನು ಗೃಹಸ್ಥರಾದ ನಾವು ಮರೆಯುತ್ತೇವೆ. ನಾನೂ ಮರೆತಿದ್ದೆನು.

ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದ ವರ್ಷ ನಮ್ಮ ಹಿತ್ತಿಲಲ್ಲಿ ಒಂದು ಕೊಳವನ್ನು ಕಟ್ಟಿಸಿದೆನು. ಆಳವು ಒಂದು ಮೊಳಕ್ಕಿಂತ ಹೆಚ್ಚಿರಲಿಲ್ಲ. "ಇಷ್ಟು ನೀರಿನಲ್ಲಿ ಏನಾದೀತು?" ಎಂಬುದು ನನ್ನ ಧೈರ್ಯ. ಮರುವರ್ಷ ದೀಪಾವಳಿಗೆ ಮಗಳು ಒಂದೂವರೆ ವರ್ಷದ ಕೂಸಿನೊಡನೆ ತವರಿಗೆ ಬಂದಳು. ಮನೆಯಲ್ಲಿ ದೊಡ್ಡವರು ಆರು ಮಂದಿ. ಮಗು ಅಜ್ಜಿಯ ಬಳಿ ಇದೆಯೆಂದು ಮಗಳೂ, ನನ್ನ ಬಳಿ ಇದೆಯೆಂದು ಅಜ್ಜಿಯೂ, ತಾಯಿಯ ಬಳಿ ಇದೆಯೆಂದು ನಾನೂ ನಂಬಿದ್ದೆವು. ಹೂ ಬಿಡಿಸಲು ಹಿತ್ತಿಲಿಗೆ ಹೋದ ಅಳಿಯಂದಿರು ಕೊಳದಲ್ಲಿ ಕೆಂಪು ಅಂಗಿಯನ್ನು ಕಂಡು ಕೂಗಿಕೊಂಡರು. ಮೇಲೆತ್ತಿದಾಗ ಮಗುವಿನ ತುಟಿ ನೀಲಿಗಟ್ಟಿತ್ತು. ಅವರು ಪ್ರಥಮ ಚಿಕಿತ್ಸೆಯನ್ನು ಬಲ್ಲವರು; ಬಾಯಿಗೆ ಬಾಯಿಟ್ಟು ಉಸಿರೂದಿದರು. ಮಗು ಕೆಮ್ಮಿ ಅತ್ತಿತು. ಅಂತಹ ಮಂಗಳಧ್ವನಿಯನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಆಸ್ಪತ್ರೆಯಿಂದ ಹಿಂದಿರುಗಿದ ಮೇಲೆ, "ಇನ್ನು ಎಲ್ಲರೂ ಎಚ್ಚರಿಕೆಯಿಂದ ನೋಡಿಕೊಳ್ಳೋಣ" ಎಂದೆನು. ನನ್ನಾಕೆಯು, "ನೋಡಿಕೊಳ್ಳುತ್ತಲೇ ಇದ್ದೆವಲ್ಲ! ಕಣ್ಣಿಗೆ ರೆಪ್ಪೆಯುಂಟು, ಬೇಲಿಗೆ ಇಲ್ಲ" ಎಂದಳು. ನಾನು ಮುಂದೆ ಹೇಳತಕ್ಕುದೆಲ್ಲವೂ ಆ ಒಂದು ಮಾತಿನ ವ್ಯಾಖ್ಯಾನವೇ.

ಎಳೆಯ ಮಕ್ಕಳ ದೇಹದಲ್ಲಿ ತಲೆಯ ಭಾರ ಹೆಚ್ಚು. ಬಗ್ಗಿ ನೋಡುವಾಗ ಮುಗ್ಗರಿಸಿದರೆ ಮತ್ತೆ ಮೇಲೇಳಲು ತೋಳಿಗೆ ಬಲ ಸಾಲದು. ಮೂಗು ಬಾಯಿಗಳನ್ನು ಮುಚ್ಚುವಷ್ಟು, ಎಂದರೆ ಎರಡು ಅಂಗುಲ ನೀರೇ ಸಾಕು. ಮುಳುಗುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ, ಉಸಿರಿಲ್ಲದೆ ಕೂಗೆಲ್ಲಿಯದು? ಕೆಲವೇ ನಿಮಿಷಗಳಲ್ಲಿ ಮೆದುಳಿಗೆ ಹಾನಿ ತಟ್ಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ೨೦೨೧ರಲ್ಲಿ ಪ್ರಪಂಚದಲ್ಲಿ ಸುಮಾರು ೩ ಲಕ್ಷ ಜನರು ಮುಳುಗಿ ಮಡಿದರು. ಅವರಲ್ಲಿ ಹೆಚ್ಚುಕಡಿಮೆ ಕಾಲುಭಾಗ ೫ ವರ್ಷದೊಳಗಿನ ಮಕ್ಕಳು.

ಇನ್ನು ಪರಿಹಾರೋಪಾಯಗಳು. ಮಕ್ಕಳು ಬೆಳೆಯುವವರೆಗೆ ಕೊಳವನ್ನು ಬರಿದು ಮಾಡಿ ಮರಳು ತುಂಬಿಸುವುದೇ ಅತ್ಯುತ್ತಮ. ತಳದಲ್ಲಿ ರಂಧ್ರ ಕೊರೆಯಿಸುವುದನ್ನು ಮರೆಯಬಾರದು. ಇಲ್ಲವಾದರೆ ಮಳೆಗಾಲವು ಕೊಳವನ್ನು ಮತ್ತೆ ಕೊಳವನ್ನಾಗಿಯೇ ಮಾಡುವುದು.

ನೀರು ಇರಲೇಬೇಕೆಂದಾದರೆ ಕಬ್ಬಿಣದ ಸರಳುಗಳ ಗಟ್ಟಿಯಾದ ಜಾಲರಿಯನ್ನು ಮುಚ್ಚಬೇಕು. ಅದು ನೀರಿನ ಮಟ್ಟಕ್ಕಿಂತ ಮೇಲಿದ್ದು, ಅಂಚಿನ ಕಟ್ಟೆಗೆ ಭದ್ರವಾಗಿ ಬಿಗಿದಿರಬೇಕು. ಮಗು ಹತ್ತಿ ನಿಂತರೂ ನೀರಿಗೆ ಬಾಗಬಾರದು. ಕಣ್ಣುಗಳು ಎರಡು ಅಂಗುಲಕ್ಕಿಂತ ದೊಡ್ಡದಾಗಿರಬಾರದು. ನೂಲಿನ ಅಥವಾ ಪ್ಲಾಸ್ಟಿಕ್ಕಿನ ಬಲೆಯನ್ನು ನಂಬುವುದು ಅಪಾಯಕರ. ಅದು ಮಗುವಿನ ಭಾರಕ್ಕೆ ಜೋತು, ಕೈಕಾಲುಗಳನ್ನು ಸಿಕ್ಕಿಸಿಕೊಳ್ಳುವುದು.

ಬೇಲಿಯನ್ನು ಹಾಕಿಸುವುದಾದರೆ ೪ ಅಡಿಗೆ ಕಡಿಮೆ ಎತ್ತರವಿರಬಾರದು; ಸರಳುಗಳ ನಡುವಣ ಸಂದು ೪ ಅಂಗುಲಕ್ಕಿಂತ ಕಿರಿದಾಗಿರಬೇಕು. ಬಾಗಿಲು ಹೊರಕ್ಕೆ ತೆರೆದು ತಾನಾಗಿ ಮುಚ್ಚಿಕೊಳ್ಳಬೇಕು. ಅಗಳಿ ಮಗುವಿಗೆ ಎಟುಕಬಾರದು. ಪಕ್ಕದಲ್ಲಿ ಮಣೆ, ಹೂಕುಂಡಗಳನ್ನಿಟ್ಟರೆ ಮಗುವಿಗೆ ನಾವೇ ಏಣಿಯನ್ನು ಒದಗಿಸಿದಂತೆ. ಬಚ್ಚಲಿನ ಬಕೆಟ್ಟು, ಹಂಡೆ, ಸಂಪುಗಳೂ ಈ ಎಚ್ಚರಿಕೆಗೆ ಹೊರತಲ್ಲ.

ಇಷ್ಟಾದರೂ ಅನರ್ಥ ಸಂಭವಿಸಿದರೆ, ಮಗುವನ್ನು ತಲೆಕೆಳಗಾಗಿ ಹಿಡಿದು ತಿರುಗಿಸಬಾರದು, ಹೊಟ್ಟೆಯನ್ನು ಒತ್ತಬಾರದು. ಒಬ್ಬರು ೧೦೮ಕ್ಕೆ ಫೋನು ಮಾಡಬೇಕು. ಮಗು ಉಸಿರಾಡದಿದ್ದರೆ ಮತ್ತೊಬ್ಬರು ಒಡನೆಯೇ ಬಾಯಿಯ ಮೂಲಕ ೫ ಸಲ ಉಸಿರೂದಿ, ಚೇತರಿಸದಿದ್ದರೆ ಎದೆಯನ್ನು ೩೦ ಸಲ ಒತ್ತುವುದೂ ೨ ಸಲ ಊದುವುದೂ ಹೀಗೆ ಮುಂದುವರಿಸತಕ್ಕದ್ದು. ಪುಸ್ತಕದಿಂದ ಈಜು ಬಾರದಂತೆ ಇದೂ ಓದಿನಿಂದ ಬಾರದು. ಮನೆಗೊಬ್ಬರಾದರೂ ಬಲ್ಲವರಿಂದ ಅಭ್ಯಾಸ ಮಾಡಿಕೊಳ್ಳುವುದು ಅವಶ್ಯಕ. ಮಗು ಚೇತರಿಸಿಕೊಂಡರೂ ವೈದ್ಯರಿಗೆ ತೋರಿಸಲೇಬೇಕು.

ನಮ್ಮ ಕೊಳದಲ್ಲಿ ಈಗ ಮರಳಿದೆ. ಬಂದಾಗಲೆಲ್ಲ ಮೊಮ್ಮಗನು ಅದರಲ್ಲಿ ಗುಡಿ ಕಟ್ಟುತ್ತಾನೆ, ಕೆಡವುತ್ತಾನೆ. ನೈದಿಲೆಯ ಗೆಡ್ಡೆಗಳನ್ನು ಊರ ದೇವಸ್ಥಾನದ ಕಲ್ಯಾಣಿಗೆ ಕೊಟ್ಟಿದ್ದೇನೆ. ಅವನು ಈಜು ಕಲಿತು ದೊಡ್ಡವನಾದ ಮೇಲೆ ಬೇಕಾದರೆ ಕೇಳಿ ತರಬಹುದು. ಹೂವಿಗೆ ಅವಸರವಿಲ್ಲ.